ಯಮನಪ್ಪನ ‘ಭಲೇ’

ಸಾಹೇಬರ ಜಾಜ್ ಸಂಗೀತದ ಗ್ರಾಮಾಫೋನ್ ಪ್ಲೇಟಿನೊಳಗೆ ಧ್ವನಿ ಕೊಟ್ಟ ಕನ್ನಡದ ಗಂಡಸು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ, ನಡುವೆ ಹುಟ್ಟಿದವನು ತಾನೊಬ್ಬನೇ ಎಂದು ಹುಬ್ಬಳ್ಳಿಯ ಯಮನಪ್ಪ ಹೇಳುತ್ತಿದ್ದ. ಒಂದು ಸಲ, ಎರಡು ಸಲ ಹೇಳಿದ್ದರೆ ಮಾತು ಬೇರೆ. ಸ್ಟೇಶನ್ ರಸ್ತೆಯ ಚಹಾದಂಗಡಿಯ ಬೆಂಚು ಅದನ್ನು ಕೇಳಿ ಕೇಳಿ ನಡುವೆ ಬಾಗಿತ್ತು. ಗಿರಾಕಿಗಳ ಭಾರಕ್ಕೆ ಬಾಗಿತು ಅನ್ನುವವರು ಆ ಕಾಲದ ಹುಬ್ಬಳ್ಳಿಯನ್ನು ಕಂಡವರಲ್ಲ.

“ನನ್ನ ಭಲೇ ಈಗ ಲಂಡನ್ನಿನ್ಯಾಗ ತಿರಗಾಕತ್ತೈತಿ,” ಎನ್ನುತ್ತಿದ್ದ. “ಅಲ್ಲಿ ರಾಜಾ ಚಹಾ ಕುಡ್ಯೂ ಮುಂದ ಅದನ್ನ ಹಚ್ಚಿ ಕೇಳ್ತಾನ.”

“ಹಂಗಾರ ಅಂವ ಚಹಾ ಬಿಟ್ಟಿರಬೇಕು,” ಎನ್ನುತ್ತಿದ್ದ ಕುಬೇರಪ್ಪ.

ಕುಬೇರಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್. ಯಮನಪ್ಪನ ಊರು ಹೆಬ್ಬಳ್ಳಿ, ಅವನದೂ ಹೆಬ್ಬಳ್ಳಿ. ಊರ ಭಜನಾ ಮೇಳದಲ್ಲಿ ಕುಬೇರಪ್ಪ ಡಗ್ಗಾ ಬಾರಿಸಿದರೆ ಯಮನಪ್ಪ ತಾಳ ಹಾಕಿದವನು. ಅಲ್ಲಿಂದ ಇಬ್ಬರೂ ಒಂದೇ ವರ್ಷ ಹುಬ್ಬಳ್ಳಿಗೆ ಬಂದು ರೈಲ್ವೆ ಸೇರಿದವರು. ಇಷ್ಟು ಹಳೆಯ ಗೆಳೆತನ ಇದ್ದ ಮೇಲೆ ಯಮನಪ್ಪನ ಯಾವ ಮಾತನ್ನೂ ನಂಬದಿರುವ ಹಕ್ಕು ಕುಬೇರಪ್ಪನಿಗೆ ತಾನಾಗಿ ಬಂದಿತ್ತು.

ಯಮನಪ್ಪನ ಕೆಲಸ ವರ್ಕ್‌ಶಾಪಿನದಲ್ಲ. ರೈಲ್ವೆ ಸಾಹೇಬರಿಗೆಂದು ಒಂದು ಇನ್‌ಸ್ಟಿಟ್ಯೂಟ್ ಇತ್ತು. ಶನಿವಾರ ಬಂದರೆ ಆಂಗ್ಲೋ-ಇಂಡಿಯನ್ ಡ್ರೈವರುಗಳು, ಗಾರ್ಡುಗಳು ಹೆಂಡಿರ ಕೈಹಿಡಿದು ಅಲ್ಲಿ ಕುಣಿಯುತ್ತಿದ್ದರು. ನಮ್ಮ ಮಂದಿ ಅದನ್ನು ಕುಣಿಯುವ ಮನೆ ಎಂದೇ ಕರೆಯುತ್ತಿದ್ದರು. ಆ ಮನೆಯ ನೆಲ ಸಾಗವಾನಿ ಹಲಗೆಯದು. ಮೇಣಬತ್ತಿ ಹೆರೆದು ಅದರ ಮೇಲೆ ಉದುರಿಸಿ, ಎರಡೂ ಕಾಲಿಗೆ ಗೋಣಿತಟ್ಟು ಸುತ್ತಿಕೊಂಡು, ಈ ಗೋಡೆಯಿಂದ ಆ ಗೋಡೆಗೆ ಜಾರುತ್ತಾ ಉಜ್ಜುವುದು ಯಮನಪ್ಪನ ಉದ್ಯೋಗ. ಅವನು ಉಜ್ಜಿದ ನೆಲದ ಮೇಲೆ ಕೂತ ನೊಣ ಕಾಲು ಮುರಿದುಕೊಳ್ಳುತ್ತಿತ್ತು. ಒಬ್ಬ ದಪ್ಪ ಗಾರ್ಡ್ ಸಾಹೇಬ ಮುಂಬಾಗಿಲಲ್ಲಿ ಹೆಜ್ಜೆಯಿಟ್ಟವನು ನಿಲ್ಲಲಾಗದೆ ಹಿಂಬಾಗಿಲಿನಿಂದ ಹೊರಬಿದ್ದು, ಅದೇ ಓಟದಲ್ಲಿ ಸ್ಟೇಶನ್ ಮುಟ್ಟಿ, ಜನ್ಮದಲ್ಲಿ ಮೊದಲ ಸಲ ಡ್ಯೂಟಿಗೆ ಹೊತ್ತಿಗೆ ಸರಿಯಾಗಿ ಹಾಜರಾದನಂತೆ. ಇದಕ್ಕೆ ಸಾಕ್ಷಿಯೂ ಯಮನಪ್ಪನೇ.

ಕಾಲಿನಿಂದ ನೆಲ ಉಜ್ಜುವವನಿಗೆ ಲಯ ಬೇಕು, ಇಲ್ಲದಿದ್ದರೆ ಸೊಂಟ ಹಿಡಿಯುತ್ತದೆ. ಗುರುವಾರ ಇನ್‌ಸ್ಟಿಟ್ಯೂಟಿನ ಬ್ಯಾಂಡಿನವರು ಅಭ್ಯಾಸಕ್ಕೆ ಕೂತಾಗ ಯಮನಪ್ಪ ಅವರ ಡೋಲಿಗೆ ಕಾಲು ಹೊಂದಿಸಿದ. ಮೊದಲ ವರ್ಷ ಆ ಸಂಗೀತ ಅವನಿಗೆ ಅಟ್ಟದಿಂದ ಹಿತ್ತಾಳೆ ಕೊಡಗಳು ಉರುಳಿದ ಹಾಗೆ ಕೇಳಿಸಿತು. ಎರಡನೆಯ ವರ್ಷ ಎಣಿಸತೊಡಗಿದ. ನಾಲ್ಕು ಮಾತ್ರೆಗೊಂದು ಕಟ್ಟು, ಅಂಥ ಹನ್ನೆರಡು ಕಟ್ಟು, ನಲವತ್ತೆಂಟು ಮಾತ್ರೆಗೆ ಒಂದು ಸುತ್ತು. ತುತ್ತೂರಿಯವನು ಎಲ್ಲೆಲ್ಲೋ ಅಲೆದು, ಮರ ಹತ್ತಿ, ಬಾವಿಗಿಳಿದು, ಇನ್ನು ಇವನ ಕಥೆ ಮುಗಿಯಿತು ಎನ್ನುವಷ್ಟರಲ್ಲಿ ನಲವತ್ತೊಂಬತ್ತಕ್ಕೆ ಸರಿಯಾಗಿ ಮನೆಗೆ ಬಂದು ನಿಲ್ಲುತ್ತಿದ್ದ. ಧಾರವಾಡದ ಬೈಠಕ್ಕುಗಳನ್ನು ಕಿಟಕಿಯ ಹೊರಗೆ ನಿಂತು ಕೇಳಿ ಪಳಗಿದ ಕಿವಿ ಯಮನಪ್ಪನದು. ಗವಾಯಿ ಹೀಗೆ ಅಲೆದಾಡಿ ಸುತ್ತಿನ ಮೊದಲ ಮಾತ್ರೆಯಾದ ಸಮಕ್ಕೆ ಬಂದು ಇಳಿದಾಗ, ಆ ಮಾತ್ರೆಯ ಮೇಲೆಯೇ, ಕೇಳುವವನು ಭಲೇ ಅನ್ನಬೇಕು. ಅನ್ನದಿದ್ದರೆ ಉಂಡ ಮನೆಯಲ್ಲಿ ಒಂದು ಒಳ್ಳೆಯ ಮಾತಾಡದೆ ಎದ್ದು ಬಂದ ಹಾಗೆ. ಗೋರಾ ಮಂದಿಯ ಸಂಗೀತದಲ್ಲೂ ಸಮ ಇದೆ, ಪಾಪ, ಅವರಿಗೆ ಗೊತ್ತಿಲ್ಲ ಅಷ್ಟೇ ಎಂದು ಯಮನಪ್ಪ ಊರೆಲ್ಲ ಸಾರಿದ.

ಮನೆಯಲ್ಲಿ ಸಾರಲು ಹೋದರೆ ಹೆಂಡತಿ ಬಾಳವ್ವ ಬಿಡುತ್ತಿರಲಿಲ್ಲ. ಅವಳು ರೊಟ್ಟಿ ಬಡಿಯುವಾಗ ಇವನು ಕೈಯ ಪೆಟ್ಟು ಎಣಿಸುತ್ತಾ ಕೂತರೆ, ಎಣಿಸಿದರೆ ಹೊಟ್ಟೆ ತುಂಬುವುದಿಲ್ಲ, ಉಣ್ಣಿರಿ ಎನ್ನುತ್ತಿದ್ದಳು. ಮಕ್ಕಳಿಲ್ಲದ ಮನೆ. ಗದ್ದಲವೆಲ್ಲ ಅವನದು, ಮಾತೆಲ್ಲ ಅವಳದು. ಅವಳ ಧ್ವನಿ ದೊಡ್ಡದಲ್ಲ. ಸಂತೆಯಲ್ಲಿ ಹೊಸ ಗಡಿಗೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರಲ್ಲ, ಆ ನಾದ. ಸಣ್ಣದು, ಗಟ್ಟಿಯಾದದ್ದು, ಎಲ್ಲೂ ಬಿರುಕಿಲ್ಲದ್ದು.

ಹತ್ತೊಂಬತ್ತು ನೂರಾ ನಲವತ್ತನಾಲ್ಕರ ಫೆಬ್ರುವರಿಯಲ್ಲಿ, ಯುದ್ಧದ ಕಾಲದಲ್ಲಿ, ಸೋಲ್ಜರರನ್ನು ಖುಷಿಪಡಿಸಲು ಮುಂಬಯಿಯಿಂದ ಎಂಟು ಜನರ ಜಾಜ್ ತಂಡವೊಂದು ಹುಬ್ಬಳ್ಳಿಗೆ ಬಂತು. ಗೋವೆಯವರು ನಾಲ್ವರು, ಆಂಗ್ಲೋ-ಇಂಡಿಯನ್ನರು ನಾಲ್ವರು. ಮುಂದಾಳು ಡಿಮೆಲ್ಲೋ ಎಂಬ ತುತ್ತೂರಿಯವ. ತಂಡದ ಹಿಂದೆ ದಂಡಿನ ಇಬ್ಬರು ಸಾಹೇಬರು ಒಂದು ಯಂತ್ರ ಹೊತ್ತು ತಂದರು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹಾಡಿಸಿ ಪ್ಲೇಟು ಮಾಡುವುದನ್ನು ಜನ ಕೇಳಿದ್ದರು. ಇವರು ಎದುರಿಗೆ ಮಂದಿ ಕೂತಿರುವಾಗಲೇ ನಡೆದ ಸಂಗೀತವನ್ನು ಚಪ್ಪಾಳೆ ಕೆಮ್ಮುಗಳ ಸಹಿತ ಪ್ಲೇಟಿಗೆ ಇಳಿಸಿ, ದೂರದ ಠಾಣ್ಯಗಳಲ್ಲಿದ್ದ ಸೋಲ್ಜರರಿಗೆ ಕಳಿಸುವವರು. ಅದಕ್ಕೆಂದು ಎರಡು ಮೈಕು. ಒಂದು ಬ್ಯಾಂಡಿನ ಮುಂದೆ. ಇನ್ನೊಂದು ಚಪ್ಪಾಳೆ ಹಿಡಿಯಲು, ಹಿಂಬಾಗಿಲ ಹತ್ತಿರ ತೊಲೆಯಿಂದ ಇಳಿಬಿಟ್ಟದ್ದು. ಏಣಿ ಹತ್ತಿ ಅದನ್ನು ಕಟ್ಟಿದವನು ಯಮನಪ್ಪನೇ.

ತಂಡ ಸಂಜೆಯ ಗಾಡಿಗೆ ಬೆಳಗಾವಿಗೆ ಹೋಗಬೇಕಿದ್ದರಿಂದ ಮಧ್ಯಾಹ್ನ ಎರಡಕ್ಕೇ ಶುರುವಾಯಿತು. ಬೆಳಗಿನಿಂದ ನೆಲ ಉಜ್ಜಿದ ಯಮನಪ್ಪನಿಗೆ ಊಟವಾಗಿರಲಿಲ್ಲ. ಬಾಳವ್ವ ಬುತ್ತಿ ಕಟ್ಟಿಕೊಂಡು ಬಂದು ಹಿಂಬಾಗಿಲ ಹೊಸ್ತಿಲಾಚೆ ಕೂತಳು. ಅವನು ಹೊಸ್ತಿಲ ಈಚೆ ನಿಂತಿದ್ದ. ಆಳುಗಳು ಉಸಿರೆತ್ತಬಾರದೆಂದು ಸೆಕ್ರೆಟರಿ ಸಾಹೇಬ ಮೊದಲೇ ಹುಕುಂ ಮಾಡಿದ್ದ. ಯಮನಪ್ಪ ಹುಕುಂ ಪಾಲಿಸಲು ಬಾಯಿಗೆ ರುಮಾಲಿನ ಸೆರಗು ತುರುಕಿಕೊಂಡಿದ್ದ.

ಮೂರು ಹಾಡು ಹಾಗೇ ಹೋದವು. ನಂತರ ಒಂದು ನಿಧಾನದ ಹಾಡು. ಡಿಮೆಲ್ಲೋ ತುತ್ತೂರಿ ಎತ್ತಿ ಹೊರಟ. ಹೋದ ಹೋದ, ಎಲ್ಲಿಗೆ ಹೋದ ಅಂತ ದೇವರಿಗೂ ತಿಳಿಯಲಿಲ್ಲ. ಯಮನಪ್ಪನ ಬೆರಳುಗಳು ತೊಡೆಯ ಮೇಲೆ ಎಣಿಸುತ್ತಿದ್ದವು. ನಲವತ್ತೈದಕ್ಕೆ ಡಿಮೆಲ್ಲೋ ಇನ್ನೂ ಬಾವಿಯಲ್ಲಿದ್ದ. ನಲವತ್ತೇಳಕ್ಕೆ ಹಗ್ಗ ಹಿಡಿದ. ನಲವತ್ತೊಂಬತ್ತಕ್ಕೆ ಎಂಟೂ ಜನ ಒಟ್ಟಿಗೆ, ಡೋಲು, ಕಂಚಿನ ತಾಟು ಎಲ್ಲ ಸೇರಿ, ಸಮದ ಮೇಲೆ ಬಂದು ಬಿದ್ದರು. ರುಮಾಲು ಬಾಯಿಂದ ಹಾರಿತು.

“ಭಲೇ!”

ಅಷ್ಟರಲ್ಲಿ ತಂಡ ತಟ್ಟನೆ ನಿಂತಿತು. ಅದು ಆ ಸಂಗೀತದ ಒಂದು ಪದ್ಧತಿ. ಬಿರುಸಿನಲ್ಲಿ ಹೋಗುತ್ತಿದ್ದವರು ಎಲ್ಲ ವಾದ್ಯ ನಿಲ್ಲಿಸಿ ಎಂಟು ಮಾತ್ರೆ ಮೌನ ಬಿಡುತ್ತಾರೆ. ಹುಬ್ಬಳ್ಳಿಯ ಬಾಳವ್ವನಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಗಂಡನ ಧೋತರದ ಚುಂಗು ಜಗ್ಗಿ ಅವಳು ಹೇಳಿದ್ದು ಆ ಮೌನದಲ್ಲಿ ಸಭೆಗೆಲ್ಲ ಕೇಳಿತು.

“ಸುಮ್ನಿರ್ರಿ. ಅವರಿಗೂ ಒಂದೀಟು ಬಾರಸಾಕ ಬಿಡ್ರಿ.”

ಡಿಮೆಲ್ಲೋ ಒಂದು ಕ್ಷಣ ಹಿಂಬಾಗಿಲ ಕಡೆ ನೋಡಿದ. ತಲೆಯ ಟೊಪ್ಪಿಗೆ ತೆಗೆದು ತುತ್ತೂರಿಯ ಬಾಯಿಗೆ ಅಡ್ಡಹಿಡಿದು, ಅವಳ ಮಾತನ್ನೇ ನುಡಿಸಿದ. ಅದೇ ಏರು, ಅದೇ ಇಳಿವು, ಕೊನೆಯ ಅದೇ ಬೇಸರ. ಮುನ್ನೂರು ಸೋಲ್ಜರರು ನಕ್ಕ ಅಬ್ಬರಕ್ಕೆ ಹೊರಗೆ ಬೇವಿನ ಮರದ ಕಾಗೆಗಳು ಎದ್ದು ಕುಂದಗೋಳದವರೆಗೆ ಹೋಗಿ ಇಳಿದವು. ಬಾಳವ್ವ ಸೆರಗು ಮುಖಕ್ಕೆಳೆದುಕೊಂಡು, ಬುತ್ತಿಯನ್ನು ಅಲ್ಲೇ ಬಿಟ್ಟು ಮನೆಗೆ ನಡೆದಳು. ಎಂಟು ದಿನ ಮಾತಿಲ್ಲದೆ ಉಣ್ಣಲು ಬಡಿಸಿದಳು. ಒಂಬತ್ತನೆಯ ದಿನ ತಾನೇ ಬಾಯಿ ತೆಗೆದು, ಒದರಿದವರು ನೀವು, ನಗೆಪಾಟಲಾದವಳು ನಾನು ಎಂದಳು.

ಸೆಕ್ರೆಟರಿ ಸಾಹೇಬ ಯಮನಪ್ಪನನ್ನು ಕೆಲಸದಿಂದ ತೆಗೆಯುವವನಿದ್ದ. ಡಿಮೆಲ್ಲೋ ಅಡ್ಡ ಬಂದ. ಪ್ಲೇಟಿಗೆ ಇಳಿದದ್ದು ಇಳಿಯಿತು, ಅಳಿಸಲು ಬರುವುದಿಲ್ಲ, ಇಡೀ ದಿನದಲ್ಲಿ ಅದೇ ಚಂದ ಎಂದು ಹೇಳಿ ಗಾಡಿ ಹತ್ತಿದ. ಯಮನಪ್ಪನ ಬಡಾಯಿಗೆ ಬುನಾದಿ ಬಿದ್ದದ್ದು ಅಂದು.

ಮರುವರ್ಷ ಇನ್‌ಸ್ಟಿಟ್ಯೂಟಿಗೆ ಪಾರ್ಸೆಲ್ ಬಂತು. ಆರು ಪ್ಲೇಟುಗಳು, ದಪ್ಪ ರಟ್ಟಿನ ಪುಸ್ತಕದಂಥ ಆಲ್ಬಮ್ಮು, ಪುಟಕ್ಕೊಂದು ಜೇಬು, ಜೇಬಿಗೊಂದು ಪ್ಲೇಟು. ಸಾಹೇಬರು ಇಸ್ಪೀಟಿನ ಕೋಣೆಯಲ್ಲಿ ಹಚ್ಚಿ ಕೇಳಿದರು. ಆಳುಗಳಿಗೆ ಆ ಕೋಣೆಗೆ ಪ್ರವೇಶವಿಲ್ಲ. ಯಮನಪ್ಪನಿಗೆ ಗೋಡೆಯಾಚೆಯಿಂದ ಕೇಳಿಸಿದ್ದು ಡೋಲಿನ ಗುದ್ದು ಮಾತ್ರ. ಬಟ್ಲರನನ್ನು ಕೇಳಿಕೊಂಡು ಸಾಹೇಬರಿಲ್ಲದಾಗ ಒಮ್ಮೆ ಹಚ್ಚಿಸಬಹುದಿತ್ತು. ಪ್ಲೇಟು ಎಲ್ಲಿ ಓಡಿಹೋಗುತ್ತದೆ ಅಂದುಕೊಂಡ. ಮನೆಗೆ ಹೋಗಿ ನಮ್ಮ ಪ್ಲೇಟು ಬಂದಿದೆ ಎಂದು ಬಾಳವ್ವನಿಗೆ ಹೇಳಿದರೆ, ನಿಮ್ಮ ಒದರಾಟ ದಿನಾ ಪುಕ್ಕಟೆ ಕೇಳುತ್ತೇನೆ, ಪ್ಲೇಟಿನಲ್ಲಿ ಬೇರೆ ಯಾಕೆ ಕೇಳಲಿ ಎಂದಳು. ಮಾತು ಅಲ್ಲಿಗೆ ನಿಂತಿತು.

ಅದರ ಮುಂದಿನ ಆಷಾಢದಲ್ಲಿ ಬಾಳವ್ವನಿಗೆ ಜ್ವರ ಬಂತು. ಎಂಟನೆಯ ದಿನ ಹೋದಳು.

ಮೊದಲ ಕೆಲವು ತಿಂಗಳು ಅವಳ ಮಾತು ಮನೆಯ ಮೂಲೆ ಮೂಲೆಯಲ್ಲಿತ್ತು. ಚಪ್ಪಲಿ ಹೊರಗೆ ಬಿಡಿರಿ ಎಂದು ಬಾಗಿಲಲ್ಲಿ, ಆರುತ್ತದೆ ಉಣ್ಣಿರಿ ಎಂದು ಒಲೆಯ ಹತ್ತಿರ. ಯಮನಪ್ಪನಿಗೆ ಅದು ಸಾಕಾಗಿತ್ತು. ಒಂದು ಮುಂಜಾನೆ ಮೇಣ ಹೆರೆಯುತ್ತಾ ಕೂತಿದ್ದಾಗ ಅವಳನ್ನು ನೆನೆದ. ಮಾತು ಬಂತು, ಧ್ವನಿ ಬರಲಿಲ್ಲ. ಇನ್ನೊಮ್ಮೆ ನೆನೆದ. ಪಕ್ಕದ ಮನೆಯ ಸಾವಕ್ಕನ ಧ್ವನಿಯಲ್ಲಿ ಬಂತು. ಮತ್ತೊಮ್ಮೆ ನೆನೆದರೆ ಕುಬೇರಪ್ಪನ ಧ್ವನಿಯಲ್ಲಿ ಬಂತು, ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ಇಂಜಿನ್ನಿನ ಸೀಟಿ ಕೇಳಿ ಒಳಗಿರುವ ಡ್ರೈವರ್ ಯಾರು ಎಂದು ಹೇಳುವ ಕಿವಿ ಅವನದು. ಇಪ್ಪತ್ತೆರಡು ವರ್ಷ ಕೇಳಿದ ಧ್ವನಿ ಆ ಕಿವಿಯಿಂದ ಯಾವ ಸಂದಿಯಲ್ಲಿ ಸೋರಿಹೋಯಿತೋ ತಿಳಿಯಲಿಲ್ಲ. ಅವಳದೊಂದು ಫೋಟೋ ಇರಲಿಲ್ಲ. ಇದ್ದರೂ ಫೋಟೋ ಮಾತಾಡುವುದಿಲ್ಲ.

ಅವಳು ಮಾತಾಡುವ ಜಾಗ ಭೂಮಿಯ ಮೇಲೆ ಒಂದೇ ಉಳಿದಿತ್ತು.

ಆ ಹೊತ್ತಿಗೆ ಸಾಹೇಬರು ಗಂಟುಮೂಟೆ ಕಟ್ಟುತ್ತಿದ್ದರು. ಸ್ವಾತಂತ್ರ್ಯ ಬಂತು, ಇನ್‌ಸ್ಟಿಟ್ಯೂಟಿನ ಸಾಮಾನು ಹರಾಜಿಗೆ ಬಂತು. ಯಮನಪ್ಪನಿಗೆ ಸುದ್ದಿ ತಿಳಿಯುವಷ್ಟರಲ್ಲಿ ಗ್ರಾಮಾಫೋನು, ಅದರ ಜೊತೆಗಿನ ಪ್ಲೇಟುಗಳೆಲ್ಲ ಹೋಗಿದ್ದವು. ಕೊಂಡವರು ಧಾರವಾಡದ ಒಬ್ಬರು ಬಾಯಾರು, ವಯಸ್ಸಾದ ಹೆಣ್ಣುಮಗಳು, ಕೈಯಲ್ಲಿ ಛತ್ರಿ ಇತ್ತು ಎಂದು ಹರಾಜಿನವನು ಗುರುತು ಹೇಳಿದ. ಧಾರವಾಡದ ಮಳೆಗಾಲದಲ್ಲಿ ಛತ್ರಿ ಇಲ್ಲದವು ಎಮ್ಮೆಗಳು ಮಾತ್ರ.

ಯಮನಪ್ಪ ಪ್ರತಿ ಐತವಾರ ಬೆಳಗಿನ ಗಾಡಿಗೆ ಧಾರವಾಡಕ್ಕೆ ಹೋಗತೊಡಗಿದ. ಕೇಳಿದವರಿಗೆ, ನನ್ನ ಭಲೇ ಹುಡುಕಲು ಹೊರಟಿದ್ದೇನೆ ಎನ್ನುತ್ತಿದ್ದ. ಹೆಂಡತಿಯ ಧ್ವನಿ ಹುಡುಕುತ್ತೇನೆ ಎಂದರೆ ಜನ ಕನಿಕರ ಪಡುತ್ತಾರೆ. ಬಡಾಯಿಕೋರನಿಗೆ ಕನಿಕರ ಜೀರ್ಣವಾಗುವುದಿಲ್ಲ. ಓಣಿ ಓಣಿ ತಿರುಗಿ, ಗ್ರಾಮಾಫೋನು ಕೇಳಿಸಿದ ಕಿಟಕಿಗಳ ಕೆಳಗೆಲ್ಲ ನಿಂತ. ಅವನು ಹುಡುಕುತ್ತಿದ್ದದ್ದು ಹಾಡನ್ನಲ್ಲ, ಪೆಟ್ಟಿಗೆಯನ್ನು. ಇನ್‌ಸ್ಟಿಟ್ಯೂಟಿನ ಪೆಟ್ಟಿಗೆಗೆ ಒಂದು ರೋಗವಿತ್ತು. ಅದರ ಸ್ಪ್ರಿಂಗ್ ಸೋತು, ಮೊದಲೇ ಎಷ್ಟು ಕೀಲಿ ಕೊಟ್ಟಿದ್ದರೂ ಹಾಡು ಮುಕ್ಕಾಲು ಮುಗಿದಾಗ ಧ್ವನಿ ಕುಸಿದು, ಎಮ್ಮೆ ಕೆಸರಿಗಿಳಿದ ಹಾಗೆ ಆಗಿ, ಮತ್ತೆ ಏಳುತ್ತಿತ್ತು. ಎಷ್ಟೋ ಸಂಜೆ ಗೋಡೆಯಾಚೆಯಿಂದ ಡೋಲಿನ ಗುದ್ದು ಹಾಗೆ ಕುಸಿದೇಳುವುದನ್ನು ಕೇಳಿದ್ದ.

ಒಂದು ಮಳೆಗಾಲ ಪೂರ್ತಿ ಹೋಯಿತು. ನಲವತ್ತೆಂಟರ ಶ್ರಾವಣದ ಒಂದು ಐತವಾರ, ಹಾಸ್ಯ ನೋಡಲೆಂದೇ ಕುಬೇರಪ್ಪನೂ ಜೊತೆಗೆ ಬಂದಿದ್ದ. ಕೆಲಗೇರಿಯ ಹಾದಿಯಲ್ಲಿ ಒಂದು ಹಂಚಿನ ಮನೆಯಿಂದ ನಾಟಕದ ಪದ ಕೇಳಿಬರುತ್ತಿತ್ತು. ನಾಯಕಿ ತಾರಸ್ಥಾಯಿಯಲ್ಲಿ ಅಳುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಕುಸಿದು, ಮೀಸೆ ಬಂದವಳ ಹಾಗೆ ನಾಲ್ಕು ಅಕ್ಷರ ಹಾಡಿ, ಮತ್ತೆ ಹೆಂಗಸಾದಳು. ಯಮನಪ್ಪ ಛತ್ರಿ ಕೆಳಗೆ ಬಿಟ್ಟ.

ಮನೆ ಗೋದಾಬಾಯಿಯವರದು. ಹೆಣ್ಣುಮಕ್ಕಳ ಸಾಲೆಯಲ್ಲಿ ಮುಖ್ಯ ಅಕ್ಕೋರಾಗಿ ನಿವೃತ್ತರಾದವರು. ಕಿಟಕಿಯಲ್ಲಿ ಎರಡು ಗಂಡು ಮುಖ ಕಂಡು ಕನ್ನಡಕ ಏರಿಸಿದರು.

“ಯಾರಪಾ ನೀವು? ಏನು ಬೇಕಾಗಿತ್ತು?”

“ಅಕ್ಕೋರ, ನಿಮ್ಮ ಪೆಟ್ಟಿಗಿ ಸ್ಪ್ರಿಂಗ್ ಸೋತೈತ್ರಿ,” ಎಂದ ಯಮನಪ್ಪ. “ಅದಕ್ಕ ಈ ಬ್ಯಾನಿ ಭಾಳ ಹಳೀದು.”

ಪೆಟ್ಟಿಗೆಯ ರೋಗ ಹೇಳಿದವನನ್ನು ಒಳಗೆ ಕರೆಯದಿರಲು ಆಗುತ್ತದೆಯೇ? ಯಮನಪ್ಪ ಕೂತು, ಪ್ಲೇಟಿನ ಕಥೆ, ತನ್ನ ಭಲೇಯ ಕಥೆ ಹೇಳಿದ. ಲಂಡನ್ನಿನ ರಾಜನನ್ನು ಅಕ್ಕೋರ ಮುಂದೆ ತರುವ ಧೈರ್ಯವಾಗಲಿಲ್ಲ. ಆ ಗದ್ದಲದ ಪುಸ್ತಕ ನನ್ನಲ್ಲೇ ಇದೆ, ಒಮ್ಮೆ ಹಚ್ಚಿದಾಗ ನೆರೆಯವರು ಬೆಂಕಿ ಬಿತ್ತೆಂದು ಓಡಿಬಂದಿದ್ದರು, ಅಂದಿನಿಂದ ರೇಶ್ಮೆ ಸೀರೆಗಳ ಮೇಲೆ ಇಟ್ಟಿದ್ದೇನೆ, ಇಸ್ತ್ರಿ ಬಹಳ ಚೆನ್ನಾಗಿ ಕೂರುತ್ತದೆ ಎಂದು ಗೋದಾಬಾಯಿ ಸಂದೂಕದಿಂದ ಆಲ್ಬಮ್ಮು ತೆಗೆದರು.

ಮೊದಲ ಪ್ಲೇಟು ಅಲ್ಲ. ಎರಡನೆಯದೂ ಅಲ್ಲ. ಮೂರನೆಯದನ್ನು ತಿರುವಿ ಹಾಕಿದಾಗ ನಿಧಾನದ ಹಾಡು ಶುರುವಾಯಿತು. ಯಮನಪ್ಪನ ಬೆರಳು ತೊಡೆಗೆ ಹೋದವು. ಡಿಮೆಲ್ಲೋ ಹೊರಟ, ಅಲೆದ, ಬಾವಿಗಿಳಿದ. ನಲವತ್ತೈದು, ನಲವತ್ತಾರು ಎನ್ನುವಷ್ಟರಲ್ಲಿ ಪೆಟ್ಟಿಗೆಯ ಸ್ಪ್ರಿಂಗ್ ಕುಸಿಯಿತು. ಎಂಟು ಜನರ ಸಮ ಜೋಳದ ಚೀಲ ನೆಲಕ್ಕೆ ಬಿದ್ದಂತೆ ಬಿತ್ತು. ಅದರ ಹಿಂದೆಯೇ ಬಂದ ಮೌನದಲ್ಲಿ ಒಬ್ಬ ಪೈಲವಾನ, ಹೊಟ್ಟೆ ತುಂಬ ಉಂಡವನು, ಎಳೆದೆಳೆದು ಹೇಳಿದ, ಸುಮ್ನಿರ್ರಿ ಎಂದು.

ಕುಬೇರಪ್ಪ ಗೊಳ್ಳನೆ ನಕ್ಕ. ನಕ್ಕವನು ಗೆಳೆಯನ ಮುಖ ನೋಡಿ ನಿಲ್ಲಿಸಿದ.

“ಇದು ಆಕಿ ಅಲ್ಲ,” ಎಂದ ಯಮನಪ್ಪ.

ಗೋದಾಬಾಯಿಗೆ ಆಕೆ ಯಾರೆಂದು ತಿಳಿಯಲಿಲ್ಲ. ಕುಬೇರಪ್ಪನಿಗೆ ತಿಳಿಯಿತು. ಇಷ್ಟು ಐತವಾರ ಇವನು ಹುಡುಕಿದ್ದು ಭಲೇಯನ್ನಲ್ಲ ಎಂದು ಆಗ ತಿಳಿಯಿತು. ಅವನು ಅಂಗಿಯ ತೋಳು ಮಡಿಚಿ ಪೆಟ್ಟಿಗೆಯ ಮುಂದೆ ಕೂತು ಕೀಲಿಯ ಹಿಡಿಕೆ ಹಿಡಿದ.

“ನೀ ತಾಳಾ ಹಾಕು,” ಎಂದ. “ಇದನ್ನ ನಾ ತಿರಗಸ್ತೇನಿ. ಹೆಬ್ಬಳ್ಳ್ಯಾಗ ನೀ ಎಷ್ಟ ಓಡಿದ್ರೂ ನಾ ಹಿಡೀತಿದ್ದಿಲ್ಲೇನು?”

ಅಕ್ಕೋರು ಸೂಜಿ ಇಟ್ಟರು. ಯಮನಪ್ಪ ಕಣ್ಣು ಮುಚ್ಚಿ ತೊಡೆ ತಟ್ಟಿದ. ಇನ್‌ಸ್ಟಿಟ್ಯೂಟಿನ ನೆಲದ ಮೇಲೆ ಆ ಲಯಕ್ಕೆ ಎಷ್ಟು ಸಾವಿರ ಸಲ ಜಾರಿದ್ದನೋ, ಅವನ ಕಾಲಿಗೆ ಅದು ಗೊತ್ತಿತ್ತು. ಒಮ್ಮೆ ಲಗೂ ಎಂದ, ಒಮ್ಮೆ ಸಾವಕಾಶ ಎಂದ. ಮೂವತ್ತು ವರ್ಷ ಇಂಜಿನ್ನು ಬಿಚ್ಚಿ ಕಟ್ಟಿದ ಫಿಟರನ ಕೈ, ಆ ಸೋತ ಸ್ಪ್ರಿಂಗನ್ನು ತಾಳಕ್ಕೆ ಕಟ್ಟಿಹಾಕಿತು. ನಲವತ್ತಾರು ದಾಟಿತು, ಕುಸಿಯಲಿಲ್ಲ. ನಲವತ್ತೇಳು. ನಲವತ್ತೆಂಟು. ಎಂಟು ಜನ ಸಮದ ಮೇಲೆ ಸಿಡಿಲಿನಂತೆ ಬಂದಿಳಿದರು, ಕಂಚಿನ ತಾಟು ಝಲ್ಲೆಂದಿತು, ಎಲ್ಲ ನಿಂತಿತು.

“ಸುಮ್ನಿರ್ರಿ. ಅವರಿಗೂ ಒಂದೀಟು ಬಾರಸಾಕ ಬಿಡ್ರಿ.”

ಗಡಿಗೆಯ ನಾದ. ಎಲ್ಲೂ ಬಿರುಕಿಲ್ಲ.

ಯಮನಪ್ಪನ ಕೈ ತೊಡೆಯಿಂದ ಎದ್ದದ್ದು ಹಾಗೇ ಮೇಲೆಯೇ ನಿಂತಿತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಸುಮ್ಮನಿರಿ ಎಂದದ್ದು ಲಕ್ಷ ಸಲವಾದರೂ ಇದ್ದೀತು, ಒಮ್ಮೆಯೂ ಅವನು ಸುಮ್ಮನಿದ್ದವನಲ್ಲ. ಈಗ ಇದ್ದ. ಡಿಮೆಲ್ಲೋ ಟೊಪ್ಪಿಗೆ ಹಿಡಿದು ಅವಳ ಮಾತನ್ನು ಊದಿದ, ಸೋಲ್ಜರರು ನಕ್ಕರು, ಪ್ಲೇಟು ಮುಗಿದು ಸೂಜಿ ನಡುವೆ ಕರಕರ ತಿರುಗಿತು. ಅವನು ಸುಮ್ಮನೇ ಇದ್ದ. ಗೋದಾಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಕನ್ನಡಕಕ್ಕೆ ಏನೂ ಆಗಿರಲಿಲ್ಲ.

ಇನ್ನೊಮ್ಮೆ ಹಚ್ಚಿದರು. ಮತ್ತೊಮ್ಮೆ ಹಚ್ಚಿದರು. ನಾಲ್ಕನೆಯ ಸಲ ಕುಬೇರಪ್ಪ ಒಂದು ಕೈಯಲ್ಲಿ ಕೀಲಿ ತಿರುಗಿಸುತ್ತಲೇ ಕಿವಿಯನ್ನು ಪೆಟ್ಟಿಗೆಯ ಕಹಳೆಯ ಒಳಗೆ ತೂರಿಸಿ ಕೇಳಿದ. ಅಕ್ಕೋರು ಪರೀಕ್ಷೆಯ ಉತ್ತರ ತಿದ್ದುವವರ ಹಾಗೆ ಕೇಳಿದರು. ಭಲೇ ಅಲ್ಲಿರಲಿಲ್ಲ. ಅರೆಕೊರೆ ಕಲಿತವನು ಅರ್ಧ ಮಾತ್ರೆ ತಡವಾಗಿ ಒದರಿದ್ದರೆ ಆ ಮೌನದಲ್ಲಿ ಸಿಕ್ಕಿಬೀಳುತ್ತಿದ್ದ, ಲಂಡನ್ನಿನವರೆಗೂ ಹೋಗುತ್ತಿದ್ದ. ಯಮನಪ್ಪ ಬಲ್ಲವನು. ಅವನ ಭಲೇ ಸಮದ ನೆತ್ತಿಯ ಮೇಲೆ ಕೂದಲೆಳೆ ತಪ್ಪದೆ ಬಿದ್ದಿತ್ತು. ಅಲ್ಲಿದ್ದ ಡೋಲು, ತಾಟು, ಎಂಟು ಜನರ ಅಬ್ಬರ ಅದನ್ನು ಹಾಗೇ ನುಂಗಿ ನೀರು ಕುಡಿದಿದ್ದವು.

ಕುಬೇರಪ್ಪ ಕಹಳೆಯಿಂದ ತಲೆ ಹೊರಗೆಳೆದ. ಗೆಳೆಯ ಅಳುವುದಕ್ಕಿಂತ ಬೈಯುವುದು ಲೇಸೆಂದು ಅನಿಸಿತೋ ಏನೋ, ಹಳೆಯ ಧಾಟಿಗೆ ಬಂದ.

“ಅಲ್ಲಲೇ ಯಮನ್ಯಾ, ಇಷ್ಟ ವರ್ಷ ಊರಾಗ ಜಾಗಟಿ ಬಾರಿಸಿದೆಲ್ಲ? ಇದರಾಗ ಬರೇ ನಮ್ಮ ತಂಗೀ ಮಾತ ಐತಿ. ನಿಂದು ಒಂದ ಅಕ್ಷರ ಕೇಳಿಸವಲ್ದು.”

ಯಮನಪ್ಪ ಸೂಜಿಯನ್ನು ಎತ್ತಿ, ಊದಿ, ಪ್ಲೇಟಿನ ಅಂಚಿಗೆ ತಂದಿಟ್ಟ.

“ಮನ್ಯಾಗೂ ಹಂಗ ಇತ್ತು,” ಎಂದ. “ನೀ ಕೀಲಿ ಕೊಡು.”